ದಿವಾಳಿ ವೃತ್ತಿಪರರು: ಅಧಿಕಾರ, ಹೊಣೆ ಮತ್ತು ರಕ್ಷಣೆ

ಸಾಲ ತೀರಿಸಲಾಗದ ಕಂಪನಿಯ ಮೇಲಿನ ಅರ್ಜಿಯನ್ನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿ, ಅಂಗೀಕರಿಸಿದ ದಿನವೇ ಆ ಕಂಪನಿಯ ನಿರ್ದೇಶಕ ಮಂಡಳಿಯ ಅಧಿಕಾರ ಅಮಾನತಾಗುತ್ತದೆ. ಚೆಕ್ಕಿಗೆ ಸಹಿ ಹಾಕುವುದು, ನೌಕರರಿಗೆ ಸಂಬಳ ಕೊಡುವುದು, ಕೋರ್ಟಿನಲ್ಲಿ ಕಂಪನಿಯ ಪರವಾಗಿ ನಿಲ್ಲುವುದು ಎಲ್ಲವೂ ಹೊರಗಿನಿಂದ ಬಂದ ಒಬ್ಬರ ಪಾಲಿಗೆ ಬೀಳುತ್ತದೆ. ಕಾನೂನಿನಲ್ಲಿ ಅವರಿಗೆ ದಿವಾಳಿ ವೃತ್ತಿಪರ ಎಂದು ಹೆಸರು. ಅವರು ಕಂಪನಿಯ ಮಾಲೀಕರಲ್ಲ, ಬ್ಯಾಂಕಿನ ವಸೂಲಿ ಅಧಿಕಾರಿಯಲ್ಲ, ನ್ಯಾಯಾಧೀಶರೂ ಅಲ್ಲ. ಆದರೂ ನೂರಾರು, ಕೆಲವೊಮ್ಮೆ ಸಾವಿರಾರು ಕೋಟಿ ರೂಪಾಯಿಯ ಆಸ್ತಿ ಅವರ ಸುಪರ್ದಿಯಲ್ಲಿರುತ್ತದೆ. ಇಷ್ಟು ಅಧಿಕಾರ ಕೊಟ್ಟ ಕಾನೂನು ಅದಕ್ಕೆ ತಕ್ಕ ಹೊಣೆಯನ್ನೂ ಹೊರಿಸಿದೆ. ಒಳ್ಳೆಯ ಉದ್ದೇಶದಿಂದ ಮಾಡಿದ ತೀರ್ಮಾನ ಕೈಕೊಟ್ಟರೆ ಅದು ಅವರನ್ನು ಕಾಯುತ್ತದೆ. ಅಸಡ್ಡೆ ಮತ್ತು ಅಪ್ರಾಮಾಣಿಕತೆಯನ್ನು ಕಾಯುವುದಿಲ್ಲ.

ಹಿನ್ನೆಲೆ

ಭಾರತದಲ್ಲಿ ಕಂಪನಿ ದಿವಾಳಿಯಾದರೆ ಹಿಂದೆ ಕೆಲಸಕ್ಕೆ ಬರುತ್ತಿದ್ದವರು ಹೈಕೋರ್ಟಿಗೆ ಹೊಂದಿಕೊಂಡ ಅಧಿಕೃತ ಲಿಕ್ವಿಡೇಟರ್, ಅಂದರೆ ಸರ್ಕಾರಿ ಅಧಿಕಾರಿ. ರೋಗಗ್ರಸ್ತ ಕೈಗಾರಿಕೆಗಳಿಗೆಂದು 1985ರ ಕಾಯ್ದೆಯಡಿ ಪ್ರತ್ಯೇಕ ಮಂಡಳಿಯೂ ಇತ್ತು. ಅಲ್ಲಿ ಪ್ರಕರಣಗಳು ವರ್ಷಗಟ್ಟಲೆ ಎಳೆದಾಡುತ್ತಿದ್ದವು. ಅಷ್ಟು ಕಾಲವೂ ಹಳೆಯ ಆಡಳಿತವೇ ಕುರ್ಚಿಯಲ್ಲಿ ಇರುತ್ತಿದ್ದುದರಿಂದ ಯಂತ್ರೋಪಕರಣ ತುಕ್ಕು ಹಿಡಿದು, ಆಸ್ತಿ ಕರಗುತ್ತಿತ್ತು.

ಟಿ.ಕೆ. ವಿಶ್ವನಾಥನ್ ಅಧ್ಯಕ್ಷತೆಯ ಸಮಿತಿ 2015ರ ನವೆಂಬರಿನಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ ದಿವಾಳಿ ಸಂಹಿತೆ ರೂಪುಗೊಂಡಿತು. 2016ರ ಮೇ 28ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಂತ್ರಕ ಸಂಸ್ಥೆಯಾದ ದಿವಾಳಿ ಮಂಡಳಿ, ಅಂದರೆ ಐಬಿಬಿಐ, ಅದೇ ವರ್ಷ ಅಕ್ಟೋಬರ್ 1ರಂದು ಅಸ್ತಿತ್ವಕ್ಕೆ ಬಂತು. ಕಂಪನಿಗಳ ದಿವಾಳಿ ಪ್ರಕ್ರಿಯೆಯ ಕಲಂಗಳು ಡಿಸೆಂಬರ್ 1ರಿಂದ ಜಾರಿಯಾದವು. ಸರ್ಕಾರಿ ಅಧಿಕಾರಿಯ ಜಾಗಕ್ಕೆ ಪರವಾನಗಿ ಪಡೆದ ಖಾಸಗಿ ವೃತ್ತಿಪರ ಬಂದದ್ದು ಈ ಸಂಹಿತೆಯ ದೊಡ್ಡ ಬದಲಾವಣೆ.

ಯಾರು ಈ ಕೆಲಸಕ್ಕೆ ಅರ್ಹರು?

ಸಂಹಿತೆಯ 206ನೇ ಕಲಂ ಪ್ರಕಾರ, ವೃತ್ತಿಪರರ ಏಜೆನ್ಸಿಯೊಂದರ ಸದಸ್ಯತ್ವ ಮತ್ತು ಐಬಿಬಿಐ ನೋಂದಣಿ ಎರಡೂ ಇಲ್ಲದೆ ಯಾರೂ ಈ ಸೇವೆ ಒದಗಿಸುವಂತಿಲ್ಲ. ಲೆಕ್ಕಪರಿಶೋಧಕರು, ಕಂಪನಿ ಕಾರ್ಯದರ್ಶಿಗಳು ಮತ್ತು ವೆಚ್ಚ ಲೆಕ್ಕಿಗರ ರಾಷ್ಟ್ರೀಯ ಸಂಸ್ಥೆಗಳು ಹುಟ್ಟುಹಾಕಿದ ಮೂರು ಏಜೆನ್ಸಿಗಳಿವೆ. ಈ ಮೂರು ವೃತ್ತಿಯವರು ಅಥವಾ ವಕೀಲರು ಹತ್ತು ವರ್ಷ ಅನುಭವ ಪಡೆದ ಮೇಲೆ ಐಬಿಬಿಐ ನಡೆಸುವ ಪರೀಕ್ಷೆ ಪಾಸು ಮಾಡಿ, ನೋಂದಣಿಗೆ ಮುಂಚಿನ ತರಬೇತಿ ಮುಗಿಸಿ ಅರ್ಜಿ ಹಾಕಬಹುದು. ಆಡಳಿತ ನಿರ್ವಹಣೆಯಲ್ಲಿ ದೀರ್ಘ ಅನುಭವ ಇರುವವರಿಗೂ ದಾರಿಯಿದೆ.

ನೋಂದಣಿ ಆದ ಮಾತ್ರಕ್ಕೆ ಪ್ರಕರಣ ಒಪ್ಪಿಕೊಳ್ಳಲು ಬರುವುದಿಲ್ಲ. ಏಜೆನ್ಸಿಯಿಂದ ಕೆಲಸ ಒಪ್ಪಿಕೊಳ್ಳುವ ಅನುಮತಿಪತ್ರ ಪಡೆದು, ಕಾಲಕಾಲಕ್ಕೆ ನವೀಕರಿಸುತ್ತಿರಬೇಕು. ಎಪ್ಪತ್ತು ವರ್ಷ ದಾಟಿದವರಿಗೆ ಅದು ಸಿಗದು. ನಿಯಮಗಳ ಪ್ರಕಾರ ಒಬ್ಬರು ಒಂದೇ ಸಮಯದಲ್ಲಿ ಹತ್ತಕ್ಕಿಂತ ಹೆಚ್ಚು ಕಂಪನಿಗಳ ಪ್ರಕ್ರಿಯೆ ನಡೆಸುವಂತಿಲ್ಲ. ಅವುಗಳಲ್ಲಿ ಸಾವಿರ ಕೋಟಿ ರೂಪಾಯಿಗೂ ಮೀರಿದ ಬಾಕಿಯವು ಮೂರನ್ನು ದಾಟಬಾರದು.

ಮೊದಲ ದಿನಗಳ ಕೆಲಸ

ಅರ್ಜಿ ಅಂಗೀಕಾರವಾದಾಗ ನ್ಯಾಯಮಂಡಳಿ ಮೊದಲು ನೇಮಿಸುವುದು ಮಧ್ಯಂತರ ವೃತ್ತಿಪರರನ್ನು. ಇವರನ್ನು ಎಲ್ಲರೂ ಐಆರ್‌ಪಿ ಎಂದೇ ಕರೆಯುತ್ತಾರೆ. ಮುಂದೆ ಸಾಲದಾತರ ಸಮಿತಿ ಇವರನ್ನೇ ಮುಂದುವರಿಸಬಹುದು, ಅಥವಾ ಬೇರೊಬ್ಬರನ್ನು ಆರಿಸಬಹುದು. ಹಾಗೆ ಖಾಯಂ ಆದವರು ಆರ್‌ಪಿ.

ನೇಮಕವಾದ ಮೂರು ದಿನಗಳೊಳಗೆ ಐಆರ್‌ಪಿ ಸಾರ್ವಜನಿಕ ಪ್ರಕಟಣೆ ಹೊರಡಿಸಬೇಕು. ಒಂದು ಇಂಗ್ಲಿಷ್ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಅದು ಅಚ್ಚಾಗಬೇಕು. ಕನ್ನಡ ಪತ್ರಿಕೆಗಳ ಒಳಪುಟದಲ್ಲಿ ‘ನಮೂನೆ ಎ’ ಎಂಬ ತಲೆಬರಹದ, ಕೋಷ್ಟಕದ ರೂಪದ ಸಣ್ಣಕ್ಷರದ ಜಾಹೀರಾತು ಕಾಣಿಸುವುದು ಇದೇ ಕಾರಣಕ್ಕೆ. ಕಂಪನಿಯ ಹೆಸರು, ನೋಂದಾಯಿತ ವಿಳಾಸ, ಪ್ರಕ್ರಿಯೆ ಶುರುವಾದ ದಿನ, ಬಾಕಿ ಕೇಳಿ ಅರ್ಜಿ ಸಲ್ಲಿಸಲು ಕೊನೆಯ ದಿನ, ಐಆರ್‌ಪಿಯ ವಿಳಾಸ ಅದರಲ್ಲಿರುತ್ತವೆ.

ಅಲ್ಲಿಂದಾಚೆ ಕೆಲಸ ಕಡತದಿಂದ ಅಂಗಳಕ್ಕೆ ಇಳಿಯುತ್ತದೆ. ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯನ್ನು ಉದಾಹರಣೆಗೆ ಊಹಿಸಿಕೊಳ್ಳಿ. ಐಆರ್‌ಪಿ ಮೊದಲು ಬ್ಯಾಂಕುಗಳಿಗೆ ಪತ್ರ ಬರೆದು ಖಾತೆಯ ಸಹಿ ಅಧಿಕಾರ ಬದಲಿಸುತ್ತಾರೆ. ಗೋದಾಮಿನ ದಾಸ್ತಾನು ಎಣಿಸಿ ಪಟ್ಟಿ ಮಾಡಿಸುತ್ತಾರೆ, ಗೇಟಿಗೆ ಕಾವಲು ಹಾಕಿಸುತ್ತಾರೆ, ಅಗ್ನಿ ವಿಮೆಯ ಕಂತು ಯಾವಾಗ ತುಂಬಬೇಕೆಂದು ನೋಡುತ್ತಾರೆ, ಜಿಎಸ್‌ಟಿ ರಿಟರ್ನ್ ಎಲ್ಲಿಯವರೆಗೆ ಸಲ್ಲಿಕೆಯಾಗಿದೆ ಎಂದು ವಿಚಾರಿಸುತ್ತಾರೆ. 14ನೇ ಕಲಂ ಹೇರುವ ಸ್ತಂಭನದಿಂದಾಗಿ ಹಳೆಯ ಬಾಕಿಗಾಗಿ ಯಾರೂ ಕಂಪನಿಯ ಮೇಲೆ ದಾವೆ ಹೂಡುವಂತಿಲ್ಲ, ಆಸ್ತಿ ಜಪ್ತಿ ಮಾಡುವಂತಿಲ್ಲ. ವಿದ್ಯುತ್, ನೀರು, ದೂರಸಂಪರ್ಕದಂಥ ಅಗತ್ಯ ಸೇವೆಗಳನ್ನೂ ಹಳೆಯ ಬಾಕಿಯ ನೆಪದಲ್ಲಿ ಕಡಿಯುವಂತಿಲ್ಲ.

ಇಷ್ಟೆಲ್ಲದರ ಗುರಿ ಕಂಪನಿಯನ್ನು ಚಾಲ್ತಿಯಲ್ಲಿ ಇಡುವುದು. ಓಡುತ್ತಿರುವ ಕಾರ್ಖಾನೆಗೆ ಸಿಗುವ ಬೆಲೆ ಬೀಗ ಬಿದ್ದ ಶೆಡ್ಡಿಗೆ ಸಿಗುವುದಿಲ್ಲ. ಹಳೆಯ ನಿರ್ದೇಶಕರು ಲೆಕ್ಕಪುಸ್ತಕ ಕೊಡದೆ ಸತಾಯಿಸಿದರೆ 19ನೇ ಕಲಂ ಅಡಿ ನ್ಯಾಯಮಂಡಳಿಯ ಆದೇಶ ಪಡೆಯಬಹುದು. ಪ್ರಕ್ರಿಯೆಯ ಅವಧಿಯಲ್ಲಿ ನಿಜವಾಗಿ ದುಡಿದ ನೌಕರರ ಸಂಬಳವನ್ನು ಪ್ರಕ್ರಿಯೆಯ ವೆಚ್ಚವಾಗಿ ಪರಿಗಣಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲಿನಲ್ಲಿ ಎಬಿಜಿ ಶಿಪ್‌ಯಾರ್ಡ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿತು. ಪ್ರಕ್ರಿಯೆಯ ವೆಚ್ಚಕ್ಕೆ ಎಲ್ಲ ಸಾಲಗಳಿಗಿಂತ ಮೊದಲ ಸ್ಥಾನ. ಹಾಗಾಗಿ ಯಾರು ಯಾವ ದಿನ ಕೆಲಸಕ್ಕೆ ಬಂದರು ಎಂಬ ಹಾಜರಿ ಪುಸ್ತಕವೂ ಆರ್‌ಪಿ ಜೋಪಾನ ಮಾಡಬೇಕಾದ ದಾಖಲೆ.

ಬಾಕಿಯ ಪರಿಶೀಲನೆ: ತೀರ್ಪಲ್ಲ, ತಾಳೆ

ಬ್ಯಾಂಕು, ಸರಕು ಪೂರೈಸಿದವರು, ಕಾರ್ಮಿಕರು, ಮನೆ ಕಾಯ್ದಿರಿಸಿದವರು ಹೀಗೆ ಒಬ್ಬೊಬ್ಬರಿಗೂ ಬಾಕಿ ಕೇಳಲು ಬೇರೆ ಬೇರೆ ನಮೂನೆಗಳಿವೆ. ಬಂದ ಅರ್ಜಿಗಳನ್ನು ಕಂಪನಿಯ ಲೆಕ್ಕಪುಸ್ತಕದ ಜತೆ ತಾಳೆ ನೋಡಿ ಒಪ್ಪುವುದು, ತಿದ್ದುವುದು ಇಲ್ಲವೇ ಬಿಡುವುದು ವೃತ್ತಿಪರರ ಕೆಲಸ. ಮೊತ್ತ ಖಚಿತವಿಲ್ಲದಿದ್ದರೆ ಲಭ್ಯ ಮಾಹಿತಿಯ ಮೇಲೆ ಅಂದಾಜು ಕಟ್ಟಬಹುದು.

ಇದು ಸಣ್ಣ ಕೆಲಸದಂತೆ ಕಂಡರೂ ಮುಂದಿನ ಎಲ್ಲ ಮತದಾನ ನಿಲ್ಲುವುದು ಇದರ ಮೇಲೆ. ಬ್ಯಾಂಕಿನಂಥ ಹಣಕಾಸು ಸಾಲದಾತರಲ್ಲಿ ಯಾರ ಬಾಕಿ ಎಷ್ಟು ಒಪ್ಪಿತವಾಯಿತೋ ಅಷ್ಟೇ ಸಮಿತಿಯಲ್ಲಿ ಅವರ ಮತದ ತೂಕ. ಪ್ರವರ್ತಕರಿಗೆ ಸಂಬಂಧಪಟ್ಟ ಸಂಸ್ಥೆಯನ್ನು ಸಾಮಾನ್ಯ ಸಾಲದಾತ ಎಂದು ತಪ್ಪಾಗಿ ಎಣಿಸಿದರೆ, ಕಂಪನಿಯನ್ನು ಮುಳುಗಿಸಿದವರೇ ಅದರ ಭವಿಷ್ಯಕ್ಕೆ ಮತ ಹಾಕಿದಂತಾಗುತ್ತದೆ.

ಆದರೂ ಇದು ನ್ಯಾಯನಿರ್ಣಯವಲ್ಲ. 2019ರ ಜನವರಿ 25ರ ಸ್ವಿಸ್ ರಿಬ್ಬನ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ಆರ್‌ಪಿಯ ಅಧಿಕಾರ ಆಡಳಿತಾತ್ಮಕವಾದದ್ದು, ಅವರು ಪ್ರಕ್ರಿಯೆ ನಡೆಸಿಕೊಡುವವರು, ಅವರ ಮೇಲೆ ಸಾಲದಾತರ ಸಮಿತಿ ಮತ್ತು ನ್ಯಾಯಮಂಡಳಿಯ ಕಣ್ಣಿರುತ್ತದೆ. ಕಂಪನಿ ಬರ್ಖಾಸ್ತಿನ ಹಂತಕ್ಕೆ ಹೋದಾಗ ಲಿಕ್ವಿಡೇಟರ್ ಬಾಕಿ ನಿರ್ಧರಿಸುವುದು ಮಾತ್ರ ಅರೆನ್ಯಾಯಿಕ ಸ್ವರೂಪದ್ದು. ಆ ನಿರ್ಧಾರದ ವಿರುದ್ಧ ಮೇಲ್ಮನವಿಗೆ 42ನೇ ಕಲಂ ಅವಕಾಶ ಕೊಡುತ್ತದೆ.

ಸಾಲದಾತರ ಸಮಿತಿಯ ಜತೆಗಿನ ಸಂಬಂಧ

ಆರ್‌ಪಿಯನ್ನು ಉಳಿಸಿಕೊಳ್ಳುವುದು, ಬದಲಿಸುವುದು, ಸಂಭಾವನೆ ನಿಗದಿ ಮಾಡುವುದು ಎಲ್ಲವೂ ಸಮಿತಿಯ ಕೈಯಲ್ಲಿದೆ. ಶೇ 66ರಷ್ಟು ಮತ ಬಿದ್ದರೆ 27ನೇ ಕಲಂ ಅಡಿ ಅವರನ್ನು ಬದಲಿಸಲು ಮುಂದಾಗಬಹುದು. ಹೊಸ ಸಾಲ ಎತ್ತುವುದು, ಆಸ್ತಿ ಅಡ ಇಡುವುದು, ಸಂಬಂಧಿತರ ಜತೆ ವ್ಯವಹಾರ ಮಾಡುವುದು ಮುಂತಾದವಕ್ಕೆ 28ನೇ ಕಲಂ ಪ್ರಕಾರ ಇಷ್ಟೇ ಪ್ರಮಾಣದ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಮಾಡಿದ ಕಾರ್ಯ ಅನೂರ್ಜಿತ. ಅಷ್ಟೇ ಅಲ್ಲ, ಸಮಿತಿ ಆ ಬಗ್ಗೆ ಐಬಿಬಿಐಗೆ ವರದಿ ಮಾಡಬಹುದು.

ಈ ವೃತ್ತಿಯ ಇಕ್ಕಟ್ಟು ಇರುವುದು ಇಲ್ಲೇ. ಸಂಬಳ ಗೊತ್ತುಮಾಡುವವರು ಬ್ಯಾಂಕುಗಳು. ಆದರೆ ಕಾಯಬೇಕಾದದ್ದು ಕಾರ್ಮಿಕರು, ಸಣ್ಣ ಪೂರೈಕೆದಾರರು, ತೆರಿಗೆ ಇಲಾಖೆ ಸೇರಿದಂತೆ ಎಲ್ಲರ ಹಿತವನ್ನು. ಕಂಪನಿಯನ್ನು ಉಳಿಸಲು ಬಿಡ್‌ದಾರರು ಮುಂದಿಡುವ ಯೋಜನೆ ಲಾಭದಾಯಕವೇ ಎಂಬ ವ್ಯಾಪಾರಿ ವಿವೇಕ ಸಮಿತಿಗೆ ಸೇರಿದ್ದು. ಅದರಲ್ಲಿ ಆರ್‌ಪಿ ಕೈಹಾಕುವಂತಿಲ್ಲ. ಆದರೆ ಯೋಜನೆ ಕಾನೂನಿಗೆ ಹೊಂದುತ್ತದೆಯೇ, ಬಿಡ್ ಹಾಕಿದವರು 29ಎ ಕಲಂ ಅಡಿ ಅನರ್ಹರೇ ಎಂದು ಪರಿಶೀಲಿಸುವ ಹೊಣೆ ಅವರದೇ. ಆ ಹೊಣೆಯನ್ನು ಬೇರೊಬ್ಬರ ಪ್ರಮಾಣಪತ್ರದ ಮೇಲೆ ಸಾಗಹಾಕುವಂತಿಲ್ಲ ಎಂದು ಐಬಿಬಿಐ 2018ರ ಜನವರಿಯಲ್ಲೇ ಸುತ್ತೋಲೆ ಹೊರಡಿಸಿತ್ತು.

ಸಂಭಾವನೆಯ ಚೌಕಾಸಿ ಕೆಲಸದ ಗುಣಮಟ್ಟ ತಿನ್ನಬಾರದೆಂದು 2022ರಲ್ಲಿ ಕನಿಷ್ಠ ಮೊತ್ತ ನಿಗದಿಯಾಯಿತು. ಒಪ್ಪಿತ ಬಾಕಿ 50 ಕೋಟಿ ರೂಪಾಯಿವರೆಗಿದ್ದರೆ ತಿಂಗಳಿಗೆ 1 ಲಕ್ಷ. ಮೇಲೇರುತ್ತ 10,000 ಕೋಟಿ ದಾಟಿದರೆ 5 ಲಕ್ಷ.

ಹಳೆಯ ವ್ಯವಹಾರ ಕೆದಕುವ ಕರ್ತವ್ಯ

ಮುಳುಗುವ ಮುಂಚೆ ಕಂಪನಿಯಿಂದ ಏನೇನು ಹೊರಹೋಯಿತು ಎಂದು ಹುಡುಕುವುದೂ ಆರ್‌ಪಿಯ ಕರ್ತವ್ಯ. ಒಬ್ಬ ಸಾಲದಾತನಿಗೆ ಮಾತ್ರ ಒಲವು ತೋರಿದ ವ್ಯವಹಾರ, ಕಡಿಮೆ ಬೆಲೆಗೆ ಕೊಟ್ಟ ಆಸ್ತಿ, ಸುಲಿಗೆ ಬಡ್ಡಿಯ ಸಾಲ, ವಂಚನೆಯ ವ್ಯಾಪಾರ ಇವನ್ನು ಗುರುತಿಸಿ ರದ್ದು ಮಾಡಿಸಲು ನ್ಯಾಯಮಂಡಳಿಯ ಮುಂದೆ ಹೋಗಬೇಕು. ಒಲವಿನ ವ್ಯವಹಾರವಾದರೆ ಸಂಬಂಧಿತರ ವಿಷಯದಲ್ಲಿ ಎರಡು ವರ್ಷ, ಇತರರ ವಿಷಯದಲ್ಲಿ ಒಂದು ವರ್ಷ ಹಿಂದಿನವರೆಗೆ ಕೆದಕಬಹುದು.

ಜೇಪೀ ಇನ್‌ಫ್ರಾಟೆಕ್ ಪ್ರಕರಣ ಇದಕ್ಕೆ ಪ್ರಸಿದ್ಧ ನಿದರ್ಶನ. ತನ್ನ ಮಾತೃ ಕಂಪನಿಯ ಸಾಲಕ್ಕಾಗಿ ಈ ಕಂಪನಿ ನೂರಾರು ಎಕರೆ ಜಮೀನು ಅಡ ಇಟ್ಟಿತ್ತು. ಐಆರ್‌ಪಿ ಅದನ್ನು ಪ್ರಶ್ನಿಸಿದರು. 2020ರ ಫೆಬ್ರುವರಿ 26ರಂದು ಸುಪ್ರೀಂ ಕೋರ್ಟ್ ಅದನ್ನು ಒಲವಿನ ವ್ಯವಹಾರವೆಂದು ಎತ್ತಿಹಿಡಿಯಿತು. ಇಂಥ ವ್ಯವಹಾರ ಲೆಕ್ಕದಲ್ಲಿ ಎದ್ದು ಕಾಣುತ್ತಿದ್ದರೂ ಆರ್‌ಪಿ ಅರ್ಜಿ ಹಾಕದೆ ಕುಳಿತರೆ ಅದು ಕರ್ತವ್ಯಲೋಪ.

ಕರ್ನಾಟಕದಿಂದ ಎದ್ದ ಎರಡು ಪ್ರಶ್ನೆ

ಈ ವೃತ್ತಿಯ ಗಡಿಗಳನ್ನು ಗುರುತಿಸಿದ ತೀರ್ಪುಗಳಲ್ಲಿ ಎರಡಕ್ಕೆ ಕರ್ನಾಟಕದ ನಂಟಿದೆ. ಟಿಫಿನ್ಸ್ ಬ್ಯಾರೈಟ್ಸ್ ಎಂಬ ಕಂಪನಿಗೆ ರಾಜ್ಯದಲ್ಲಿ ಗಣಿ ಗುತ್ತಿಗೆ ಇತ್ತು. 2018ರ ಮಾರ್ಚಿನಲ್ಲಿ ಚೆನ್ನೈ ಪೀಠದಲ್ಲಿ ದಿವಾಳಿ ಪ್ರಕ್ರಿಯೆ ಶುರುವಾಯಿತು. ಗುತ್ತಿಗೆಯ ಅವಧಿ ಮೇ ತಿಂಗಳಲ್ಲಿ ಮುಗಿಯಲಿತ್ತು. ಗುತ್ತಿಗೆ ವಿಸ್ತರಿಸಿ ಎಂದು ವೃತ್ತಿಪರರು ಕೇಳಿದರು, ಸರ್ಕಾರ ಒಪ್ಪಲಿಲ್ಲ. ವಿಸ್ತರಿಸಬೇಕೆಂದು ಎನ್‌ಸಿಎಲ್‌ಟಿ ಆದೇಶಿಸಿದಾಗ ರಾಜ್ಯ ಸರ್ಕಾರ ಕರ್ನಾಟಕ ಹೈಕೋರ್ಟಿಗೆ ಹೋಯಿತು. 2019ರ ಡಿಸೆಂಬರ್ 3ರಂದು ಸುಪ್ರೀಂ ಕೋರ್ಟ್, ಸರ್ಕಾರ ಗಣಿ ಕಾನೂನಿನಡಿ ಕೈಗೊಂಡ ತೀರ್ಮಾನವನ್ನು ಎನ್‌ಸಿಎಲ್‌ಟಿ ಪರಾಮರ್ಶಿಸುವಂತಿಲ್ಲ ಎಂದಿತು. ಕಂಪನಿಗೆ ಎಷ್ಟು ಹಕ್ಕಿದೆಯೋ ಅಷ್ಟನ್ನು ಮಾತ್ರ ವೃತ್ತಿಪರರು ಚಲಾಯಿಸಬಹುದು, ಅದೂ ಸರಿಯಾದ ವೇದಿಕೆಯಲ್ಲಿ ಎಂಬುದು ಇದರಿಂದ ಹೊರಡುವ ಪಾಠ.

ಎರಡನೆಯದು ಬೈಜೂಸ್ ಪ್ರಕರಣ. ಅದರ ಮಾತೃಸಂಸ್ಥೆ ಥಿಂಕ್ ಅಂಡ್ ಲರ್ನ್ ವಿರುದ್ಧ ಬಿಸಿಸಿಐ ಸಲ್ಲಿಸಿದ್ದ ಅರ್ಜಿಯನ್ನು ಎನ್‌ಸಿಎಲ್‌ಟಿಯ ಬೆಂಗಳೂರು ಪೀಠ 2024ರ ಜುಲೈ 16ರಂದು ಅಂಗೀಕರಿಸಿತು. ಬಾಕಿಯ ಬಗ್ಗೆ ರಾಜಿಯಾಯಿತೆಂದು ಮೇಲ್ಮನವಿ ನ್ಯಾಯಮಂಡಳಿ ಆಗಸ್ಟ್ 2ರಂದು ಪ್ರಕ್ರಿಯೆಯನ್ನೇ ಮುಗಿಸಿತು. ಅಮೆರಿಕದ ಸಾಲದಾತರ ಪರವಾಗಿ ಗ್ಲಾಸ್ ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. ಅಕ್ಟೋಬರ್ 23ರಂದು ಬಂದ ತೀರ್ಪು ಆ ಆದೇಶವನ್ನು ರದ್ದು ಮಾಡಿ, ಅರ್ಜಿ ಹಿಂಪಡೆಯಲು ಕಾನೂನು ಹಾಕಿಕೊಟ್ಟ ದಾರಿಯನ್ನು ಬಿಟ್ಟು ನಡೆಯುವಂತಿಲ್ಲ ಎಂದಿತು. ಆ ದಾರಿಯಲ್ಲಿ ಅರ್ಜಿ ಐಆರ್‌ಪಿಯ ಮೂಲಕವೇ ಹೋಗಬೇಕು. ಒಮ್ಮೆ ಅಂಗೀಕಾರವಾದ ಪ್ರಕರಣ ಇಬ್ಬರ ನಡುವಿನ ಜಗಳವಾಗಿ ಉಳಿಯುವುದಿಲ್ಲ. ಎಲ್ಲ ಸಾಲದಾತರ ಪಾಲೂ ಅದರಲ್ಲಿರುತ್ತದೆ.

ನಡತೆಯ ನಿಯಮಗಳು

208ನೇ ಕಲಂ ಪ್ರತಿ ವೃತ್ತಿಪರರಿಗೂ ಹಾಕುವ ಮೊದಲ ಕರ್ತವ್ಯ, ಕೆಲಸದಲ್ಲಿ ಯುಕ್ತ ಎಚ್ಚರ ಮತ್ತು ಶ್ರದ್ಧೆ ವಹಿಸುವುದು. 2016ರ ನಿಯಮಾವಳಿಗಳಲ್ಲಿ ಇದರ ವಿವರವಿದೆ. ಮುಖ್ಯವಾದ ಕೆಲವು ಇವು:

- ಕಂಪನಿ, ಸಾಲದಾತರು, ಬಿಡ್‌ದಾರರ ಜತೆ ಯಾವುದೇ ಸಂಬಂಧವಿದ್ದರೆ ಬಹಿರಂಗಪಡಿಸಬೇಕು. ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಕಂಪನಿಯ ಲೆಕ್ಕಪರಿಶೋಧನೆ ಮಾಡಿದ ಸಂಸ್ಥೆಯ ಪಾಲುದಾರರು ಅದೇ ಕಂಪನಿಗೆ ಆರ್‌ಪಿ ಆಗುವಂತಿಲ್ಲ.
- ಕಂಪನಿಯ ಆಸ್ತಿಯನ್ನು ತಾವೂ ಕೊಳ್ಳಬಾರದು, ಗೊತ್ತಿದ್ದೂ ಬಂಧುಗಳು ಕೊಳ್ಳಲು ಬಿಡಬಾರದು.
- ಬಂಧುಗಳನ್ನು ಆ ಪ್ರಕ್ರಿಯೆಯ ಕೆಲಸಕ್ಕೆ ನೇಮಿಸಬಾರದು.
- ಸ್ವಾತಂತ್ರ್ಯಕ್ಕೆ ಧಕ್ಕೆ ತರುವ ಉಡುಗೊರೆ, ಆತಿಥ್ಯ ಸ್ವೀಕರಿಸಬಾರದು.
- ತೀರ್ಮಾನಗಳನ್ನೂ ಅದಕ್ಕೆ ಕಾರಣಗಳನ್ನೂ ಆಗಿಂದಾಗಲೇ ಬರೆದಿಡಬೇಕು. ಪ್ರಕ್ರಿಯೆ ಮುಗಿದ ಮೇಲೂ ವಿದ್ಯುನ್ಮಾನ ದಾಖಲೆಗಳನ್ನು ಎಂಟು ವರ್ಷ ಕಾಪಾಡಬೇಕು.

ತಪ್ಪಿದರೆ ಏನು?

ಹೊಣೆಗಾರಿಕೆಗೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಶಿಸ್ತುಕ್ರಮ. ಏಜೆನ್ಸಿ ತನ್ನ ಸದಸ್ಯರನ್ನು ವಿಚಾರಿಸಬಹುದು. ಐಬಿಬಿಐ ತಾನೇ ತಪಾಸಣೆ ನಡೆಸಿ ನೋಟಿಸ್ ಕೊಟ್ಟು, ಶಿಸ್ತು ಸಮಿತಿಯ ಮುಂದೆ ತರಬಹುದು. 220ನೇ ಕಲಂ ಪ್ರಕಾರ ಆದ ನಷ್ಟದ ಅಥವಾ ಗಳಿಸಿದ ಅಕ್ರಮ ಲಾಭದ ಮೂರು ಪಟ್ಟು, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ ದಂಡ ಬೀಳಬಹುದು. ಮೊತ್ತ ಲೆಕ್ಕಕ್ಕೆ ಸಿಗದಿದ್ದರೆ ಮಿತಿ 1 ಕೋಟಿ ರೂಪಾಯಿ. ನೋಂದಣಿ ಅಮಾನತು ಅಥವಾ ರದ್ದೂ ಆಗಬಹುದು. ಅಕ್ರಮ ಲಾಭವನ್ನು ಕಕ್ಕಿಸಿ ನಷ್ಟಪಟ್ಟವರಿಗೆ ಕೊಡಿಸಲೂ ಅವಕಾಶವಿದೆ.

ಎರಡನೆಯದು ಕ್ರಿಮಿನಲ್ ಹೊಣೆ. ಮೂಲ ಸಂಹಿತೆಯ 70ನೇ ಕಲಂ ಅಡಿ ಉದ್ದೇಶಪೂರ್ವಕವಾಗಿ ಕಾನೂನು ಮುರಿದ ವೃತ್ತಿಪರರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 1 ಲಕ್ಷದಿಂದ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಉದ್ದೇಶಪೂರ್ವಕ’ ಎಂಬುದು ಸಾಬೀತಾಗಬೇಕು. ಇಂಥ ಅಪರಾಧವನ್ನು ವಿಶೇಷ ನ್ಯಾಯಾಲಯ ಕೈಗೆತ್ತಿಕೊಳ್ಳಬೇಕಾದರೆ ಐಬಿಬಿಐ, ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರೇ ದೂರು ಕೊಡಬೇಕು.

ಮೂರನೆಯದು ಜೇಬಿಗೆ ಬರುವ ಹೊಣೆ. ಪ್ರಕ್ರಿಯೆಯ ಅವಧಿಯಲ್ಲಿ ತೆರಿಗೆ, ಕಂಪನಿ ಕಾನೂನು ಮುಂತಾದವನ್ನು ಪಾಲಿಸದೆ ದಂಡ ಬಿದ್ದರೆ ಅದನ್ನು ಪ್ರಕ್ರಿಯೆಯ ವೆಚ್ಚಕ್ಕೆ ಸೇರಿಸುವಂತಿಲ್ಲ, ತಮ್ಮ ನಡತೆಯಿಂದಾದ ಲೋಪಕ್ಕೆ ವೃತ್ತಿಪರರೇ ಹೊಣೆ ಎಂದು ಐಬಿಬಿಐ 2018ರಲ್ಲಿ ತಿಳಿಸಿತು.

ಸದುದ್ದೇಶದ ರಕ್ಷಣೆ

ಇಷ್ಟೊಂದು ಹೊಣೆಯಿದ್ದರೆ ಯಾರು ತಾನೇ ಈ ಕೆಲಸಕ್ಕೆ ಕೈಹಾಕುತ್ತಾರೆ? ಅದಕ್ಕೆಂದೇ 233ನೇ ಕಲಂ ಇದೆ. ಸಂಹಿತೆಯಡಿ ಸದುದ್ದೇಶದಿಂದ ಮಾಡಿದ ಅಥವಾ ಮಾಡಲು ಹೊರಟ ಕೆಲಸಕ್ಕಾಗಿ ವೃತ್ತಿಪರರು ಮತ್ತು ಲಿಕ್ವಿಡೇಟರ್ ಮೇಲೆ ದಾವೆ, ಮೊಕದ್ದಮೆ ಹೂಡಲು ಬರುವುದಿಲ್ಲ.

ಹಿಂದೆ ಹೇಳಿದ ಪೀಣ್ಯದ ಕಾರ್ಖಾನೆಗೇ ಬನ್ನಿ. ಒಂದು ಆರ್ಡರ್ ಪೂರೈಸಿದರೆ ಕಂಪನಿ ಉಳಿದೀತು ಎಂದು ಲೆಕ್ಕ ಹಾಕಿ, ಸಮಿತಿಯ ಒಪ್ಪಿಗೆ ಪಡೆದು ಆರ್‌ಪಿ ಹೊಸ ಸಾಲ ಎತ್ತಿದರು. ಗಿರಾಕಿ ಕೈಕೊಟ್ಟ, ಹಣ ಮುಳುಗಿತು. ಸಭೆಯ ನಡಾವಳಿ, ಲೆಕ್ಕದ ಹಾಳೆ, ಕಾರಣಗಳ ಟಿಪ್ಪಣಿ ಇದ್ದರೆ 233ನೇ ಕಲಂ ಅವರ ಬೆನ್ನಿಗಿದೆ. ಅದೇ ಆರ್‌ಪಿ ಅಗ್ನಿ ವಿಮೆ ನವೀಕರಿಸಲು ಮರೆತು, ಮರುವಾರ ಗೋದಾಮಿಗೆ ಬೆಂಕಿ ಬಿತ್ತು ಎಂದುಕೊಳ್ಳಿ. ಅವರ ಉದ್ದೇಶ ಕೆಟ್ಟದ್ದಲ್ಲವಾದ್ದರಿಂದ ಜೈಲಿನ ಮಾತು ಬರುವುದು ಕಷ್ಟ. ಆದರೆ ಆಸ್ತಿ ಕಾಯುವುದು 25ನೇ ಕಲಂ ಹಾಕಿದ ಕರ್ತವ್ಯ. ಎಚ್ಚರ ತಪ್ಪಿದ್ದಕ್ಕೆ ಶಿಸ್ತು ಸಮಿತಿಯ ಮುಂದೆ ಉತ್ತರ ಹೇಳಬೇಕಾಗುತ್ತದೆ. ಎರಡರಲ್ಲೂ ನಷ್ಟವಾಗಿದೆ. ವ್ಯತ್ಯಾಸ ಇರುವುದು ನಷ್ಟಕ್ಕೆ ಮುಂಚೆ ಏನು ಮಾಡಿದ್ದರು, ಏನು ಬರೆದಿಟ್ಟಿದ್ದರು ಎಂಬಲ್ಲಿ.

ಸಾರ್ವಜನಿಕ ನೌಕರರೇ?

ಲಂಚದ ಆರೋಪ ಬಂದರೆ ವೃತ್ತಿಪರರ ಮೇಲೆ ಭ್ರಷ್ಟಾಚಾರ ತಡೆ ಕಾಯ್ದೆ ಅನ್ವಯಿಸುತ್ತದೆಯೇ? ಐಬಿಬಿಐ ಅಧಿಕಾರಿಗಳನ್ನು ಸಾರ್ವಜನಿಕ ನೌಕರರೆಂದು ಸಂಹಿತೆಯ 232ನೇ ಕಲಂ ಹೆಸರಿಸಿದೆ, ವೃತ್ತಿಪರರನ್ನು ಹೆಸರಿಸಿಲ್ಲ. 2023ರ ಏಪ್ರಿಲಿನಲ್ಲಿ ಜಾರ್ಖಂಡ್ ಹೈಕೋರ್ಟ್, ಅವರು ಮಾಡುವುದು ಸಾರ್ವಜನಿಕ ಕರ್ತವ್ಯವಾದ್ದರಿಂದ ಅವರೂ ಸಾರ್ವಜನಿಕ ನೌಕರರೇ ಎಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಇದಕ್ಕೆ ವಿರುದ್ಧ ನಿಲುವು ತಳೆಯಿತು. ಸಂಹಿತೆ ಬೇಕೆಂದೇ ಅವರನ್ನು ಆ ಪಟ್ಟಿಯಿಂದ ಹೊರಗಿಟ್ಟಿದೆ ಎಂಬುದು ಅದರ ವಾದದ ಸಾರ.

ವೈಯಕ್ತಿಕ ಖಾತರಿದಾರರ ಪ್ರಕರಣ

ಕಂಪನಿಯ ಸಾಲಕ್ಕೆ ಜಾಮೀನು ನಿಂತ ವ್ಯಕ್ತಿಗಳ ವಿಚಾರದಲ್ಲಿ ಆರ್‌ಪಿಯ ಪಾತ್ರ ಇನ್ನೂ ಕಿರಿದು. 2019ರ ಡಿಸೆಂಬರ್ 1ರಿಂದ ಈ ಭಾಗ ಜಾರಿಯಲ್ಲಿದೆ. ಇಲ್ಲಿ ಆರ್‌ಪಿ ಮಾಹಿತಿ ಸಂಗ್ರಹಿಸಿ, ಅರ್ಜಿ ಅಂಗೀಕರಿಸಬಹುದೇ ಎಂದು ವರದಿ ಕೊಡುತ್ತಾರೆ, ಅಷ್ಟೆ. ಆ ವರದಿ ಶಿಫಾರಸು ಮಾತ್ರ, ನಿರ್ಧಾರ ನ್ಯಾಯಮಂಡಳಿಯದು ಎಂದು 2023ರ ನವೆಂಬರ್ 9ರಂದು ಸುಪ್ರೀಂ ಕೋರ್ಟ್ ಹೇಳಿ, ಈ ವ್ಯವಸ್ಥೆಯ ಸಿಂಧುತ್ವವನ್ನು ಎತ್ತಿಹಿಡಿಯಿತು.

ಬಾಕಿ ಇರುವವರು ಏನು ಮಾಡಬೇಕು?

ಸರಕು ಕೊಟ್ಟು ಹಣ ಬಾರದವರು, ಸಂಬಳ ನಿಂತವರು, ಮನೆಗೆ ಮುಂಗಡ ಕಟ್ಟಿದವರು ಮೊದಲು ಪತ್ರಿಕಾ ಪ್ರಕಟಣೆಯಲ್ಲಿನ ಕೊನೆಯ ದಿನ ನೋಡಿಕೊಂಡು ತಮಗೆ ಅನ್ವಯಿಸುವ ನಮೂನೆಯಲ್ಲಿ ಬಿಲ್ಲು, ಸಂಬಳದ ಚೀಟಿ, ಒಪ್ಪಂದದ ಪ್ರತಿ ಲಗತ್ತಿಸಿ ಅರ್ಜಿ ಸಲ್ಲಿಸಬೇಕು. ಅರ್ಜಿ ತಿರಸ್ಕೃತವಾದರೆ ಲಿಖಿತ ಕಾರಣ ಕೇಳಬೇಕು. ಆ ಕಾರಣ ಒಪ್ಪಿಗೆಯಾಗದಿದ್ದರೆ ಹೋಗಬೇಕಾದದ್ದು ಎನ್‌ಸಿಎಲ್‌ಟಿಗೆ. ಈ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲ. ವೃತ್ತಿಪರರ ನಡತೆಯ ಬಗ್ಗೆಯೇ ತಕರಾರಿದ್ದರೆ 217ನೇ ಕಲಂ ಅಡಿ ಐಬಿಬಿಐಗೆ ದೂರು ಕೊಡಬಹುದು. ಬಾಕಿಯ ಮೊತ್ತದ ಜಗಳವನ್ನು ದೂರಿನ ರೂಪದಲ್ಲಿ ಐಬಿಬಿಐಗೆ ಒಯ್ದರೆ ಹಣ ಸಿಗುವುದಿಲ್ಲ. ನಡತೆಯ ದೂರನ್ನು ಎನ್‌ಸಿಎಲ್‌ಟಿಗೆ ಮಾತ್ರ ಒಯ್ದರೆ ಪರವಾನಗಿಯ ಮೇಲೆ ಕ್ರಮ ಆಗುವುದಿಲ್ಲ, ಏಕೆಂದರೆ ಆ ಅಧಿಕಾರ ಏಜೆನ್ಸಿ ಮತ್ತು ಐಬಿಬಿಐ ಬಳಿ ಇದೆ. ಯಾವ ತಕರಾರು ಯಾವ ಬಾಗಿಲಿಗೆ ಎಂದು ಮೊದಲೇ ಬೇರ್ಪಡಿಸಿಕೊಂಡರೆ ದಿನ ಉಳಿಯುತ್ತದೆ. 330 ದಿನಗಳ ಗಡುವು ಹಾಕಿಕೊಂಡ ಪ್ರಕ್ರಿಯೆಯಲ್ಲಿ ಅದು ಸಣ್ಣ ಲಾಭವಲ್ಲ.